ರಜೆ ಅರ್ಜಿಯ ನಲವತ್ತೊಂದನೇ ಆವೃತ್ತಿ

ಇಲಾಖೆಯಲ್ಲಿ ಇನ್ನು ಮುಂದೆ ಯಾರೂ ಒಬ್ಬರೇ ಕೂತು ಏನನ್ನೂ ಬರೆಯತಕ್ಕದ್ದಲ್ಲ ಎಂಬ ಸುತ್ತೋಲೆಯನ್ನು ನಿರ್ದೇಶಕರು ಒಬ್ಬರೇ ಕೂತು ಬರೆದರು. ಸಹಯೋಗಕ್ಕೆ ವಿಕಿ ಮೇಲೋ ಬ್ಲಾಗ್ ಮೇಲೋ ಎಂದು ತಿಳಿಯಲು ಒಂದೇ ಕಾಗದವನ್ನು ಎರಡರಲ್ಲೂ ಹಾಕಿ ನೋಡತಕ್ಕದ್ದು ಎಂದೂ ಅದರಲ್ಲಿತ್ತು. ಆ ಹೊತ್ತಿಗೆ ಕೈಗೆ ಸಿಕ್ಕಿದ ಕಾಗದ ದಫ್ತರದ ಅಕ್ಕನ ರಜೆ ಅರ್ಜಿ. ಮಗಳಿಗೆ ಚೊಚ್ಚಲ ಹೆರಿಗೆ, ದಿನ ತುಂಬಿದೆ, ನಾಲ್ಕು ದಿನ ಬೇಕು. ಆ ಹೊತ್ತಿನಲ್ಲಿ ಮಗಳ ಪಕ್ಕದಲ್ಲಿರಬೇಕು ಎಂಬುದೊಂದೇ ಅವಳ ಆಸೆ.

ವಿಕಿ ಎಂದರೆ ಯಾರು ಬೇಕಾದರೂ ತಿದ್ದಬಹುದಾದ ಪುಟ. ತಿದ್ದದವರಿಗೆ ನೋಟಿಸು ಎಂದ ಮೇಲೆ ಕೇಳಬೇಕೆ, ಎಲ್ಲರೂ ಎದ್ದೆನೋ ಬಿದ್ದೆನೋ ಎಂದು ಬಂದು ತಿದ್ದಿದರು. ಟಪಾಲಿನವರು ನಾಲ್ಕು ದಿನವನ್ನು ಎರಡು ಮಾಡಿದರು. ಟೈಪಿಸ್ಟ್ ಎರಡನ್ನು ಮತ್ತೆ ನಾಲ್ಕು ಮಾಡಿದಳು. ಮೇಲ್ವಿಚಾರಕರು ಹೆರಿಗೆಯನ್ನೇ ಕೆಲಸ ಕಡಿಮೆಯಿರುವ ಮುಂದಿನ ಜೂನ್ ತಿಂಗಳಿಗೆ ಹಾಕಿದರು. ಕೊನೆಯ ತಿದ್ದುಪಡಿಯೇ ಸತ್ಯ ಎಂಬ ನಿಯಮದಂತೆ ನಲವತ್ತೊಂದನೇ ಆವೃತ್ತಿಯಲ್ಲಿ ಅದೇ ನಿಂತಿತು. ಅಕ್ಕ ಸರಿಪಡಿಸಲು ಹೋದರೆ, ಸ್ವಂತ ವಿಷಯವನ್ನು ಸ್ವಂತದವರು ತಿದ್ದುವಂತಿಲ್ಲ ಎಂದು ಪುಟವೇ ತಡೆಯಿತು.

"ಸಾರ್, ಮಗು ಜೂನ್ ತನಕ ಕಾಯಲ್ಲ," ಎಂದಳು ನಿರ್ದೇಶಕರಿಗೆ.

"ನೋಡಮ್ಮ, ಒಬ್ಬರು ಬರೆದಿದ್ರೆ ಬದಲಾಯಿಸಬಹುದಿತ್ತು. ಇದು ಎಲ್ಲರೂ ಸೇರಿ ಬರೆದದ್ದು," ಎಂದು ಅವರು ಕೈಚೆಲ್ಲಿದರು.

ಇನ್ನು ಉಳಿದದ್ದು ಬ್ಲಾಗ್. ಅಲ್ಲಿ ಬರೆಯುವವರು ನಿರ್ದೇಶಕರೊಬ್ಬರೇ, ಮಿಕ್ಕವರದು ಕೆಳಗೆ ಪ್ರತಿಕ್ರಿಯೆ. ಅವರು ತಾಯಿಯ ಮಮತೆಯ ಬಗ್ಗೆ ಮೂರು ಪುಟ ಬರೆದರು, ರಜೆಯ ವಿಷಯ ಮರೆತರು. ಕಣ್ಣು ತುಂಬಿ ಬಂತು ಸಾರ್ ಎಂದು ಅರವತ್ತು ಜನ ಬರೆದರು. ಮಗಳಿಗೆ ನೋವು ಶುರುವಾಗಿದೆ, ದಯವಿಟ್ಟು ಬಿಡಿ ಎಂದು ಅಕ್ಕನೂ ಬರೆದಳು. ಅದನ್ನು ಹನ್ನೆರಡು ಮಂದಿ ಮೆಚ್ಚಿದರು. ಮಗು ಅಜ್ಜಿಯಿಲ್ಲದೆ ಹುಟ್ಟಿತು. ಅಕ್ಕ ಕಡತದ ಕಪಾಟಿನ ಹಿಂದೆ ನಿಂತು ಅತ್ತಳು.

ಎರಡೂ ಸಾಧನಗಳು ಸಮಾನವಾಗಿ ಯಶಸ್ವಿ ಎಂದು ವರದಿ ಹೋಯಿತು. ಹೆರಿಗೆಯ ರಜೆ ಜೂನಿಗೆ ನಿಗದಿಯಾಗಿದ್ದರಿಂದ ನಡುವೆ ಇನ್ನೊಂದು ಕೊಡಲು ಬರುತ್ತಿರಲಿಲ್ಲ.

ಜೂನಿನಲ್ಲಿ ಅಕ್ಕ ಹೋದಳು. ಗೋಡೆ ಹಿಡಿದು ನಿಂತಿದ್ದ ಮೊಮ್ಮಗಳು ಇವಳನ್ನು ಕಂಡು ಹೆದರಿ ಅಮ್ಮನ ಹಿಂದೆ ಸೇರಿಕೊಂಡಳು. ಗುರುತು ಹತ್ತುವಷ್ಟರಲ್ಲಿ ನಾಲ್ಕು ದಿನ ಮುಗಿದವು.

ಕಚೇರಿಯಲ್ಲಿ ಎಲ್ಲರೂ ಸುತ್ತುವರಿದು ಶುಭಾಶಯ ಹೇಳಿದರು. ಮಗು ಹೇಗಿದೆ ಎಂದು ಮೇಲ್ವಿಚಾರಕರು ಕೇಳಿದರು. ನಾಲ್ಕು ಹಲ್ಲು ಬಂದಿವೆ ಎಂದಳು.

ಅವರು ವಿಕಿ ಪುಟ ತೆರೆದು ನೋಡಿದರು. ದಾಖಲೆಯ ಪ್ರಕಾರ ಮಗುವಿಗೆ ನಾಲ್ಕು ದಿನ.

"ನಾಲ್ಕೇ ದಿನಕ್ಕೆ ಹಲ್ಲಾ?"

ಅಕ್ಕ ಚೀಲವನ್ನು ಮೇಜಿನ ಮೇಲಿಟ್ಟಳು.

"ನಮ್ಮ ವಂಶವೇ ಹಾಗೆ ಸಾರ್," ಎಂದು ಕೆಲಸಕ್ಕೆ ಕೂತಳು.