ಗೌಡ್ತಿ ಕಡಿದ ಕೌದಿ

ಬೆಕ್ಕು ಸಾಕಿದ ಮನೆಯಲ್ಲಿ ದಿನಕ್ಕೊಂದು ಭಾನಗಡಿ ಆಗದಿದ್ದರೆ ಬೆಕ್ಕಿಗೆ ಮೈಯಲ್ಲಿ ಹುಷಾರಿಲ್ಲ ಎಂದೇ ತಿಳಿಯಬೇಕು. ನಮ್ಮ ಬೆಕ್ಕು ಮಾತ್ರ ಸದಾ ಗಟ್ಟಿಮುಟ್ಟು.

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಮಿಕ್ಸರ್, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತೇನೆ. ಬೆಕ್ಕನ್ನು ತಂದದ್ದು ಹೆಂಡತಿ. ತವರೂರು ಉಪ್ಪಿನಬೆಟಗೇರಿಯಿಂದ ಬುಟ್ಟಿಯಲ್ಲಿ ಅರಿವೆ ಮುಚ್ಚಿಕೊಂಡು ಬಸ್ಸಿನಲ್ಲಿ ತಂದಿದ್ದಳು. ಕಟ್ಟೆಯ ಮೇಲೆ ಕುಳಿತು ಓಣಿಯನ್ನೆಲ್ಲ ಗದರುವಂತೆ ನೋಡುತ್ತದೆ ಎಂದು ಗೌಡ್ತಿ ಅಂತ ಹೆಸರಿಟ್ಟಳು. ಅವಳಿರುವ ತನಕ ಗೌಡ್ತಿ ಹಾಲು, ರೊಟ್ಟಿ ಬಿಟ್ಟು ಬೇರೆ ಯಾವುದಕ್ಕೂ ಬಾಯಿ ಹಾಕಿದವಳಲ್ಲ.

ಹೋದ ಮಳೆಗಾಲದಲ್ಲಿ ಹೆಂಡತಿ ತೀರಿಕೊಂಡಳು. ಎದೆ ಹಿಡಿದಂತಾಗುತ್ತದೆ ಅಂದಳು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗದಗಿಗೆ ಕೊಟ್ಟ ಮಗಳು ಆಗ ಬಸಿರಿ. ಹುಟ್ಟುವ ಕೂಸಿಗೆಂದು ಹೆಂಡತಿ ತನ್ನ ಹಳೆಯ ಸೀರೆ, ನನ್ನ ಹಳೆಯ ಧೋತರ ಪದರು ಪದರಾಗಿ ಹಾಕಿ ಒಂದು ಸಣ್ಣ ಕೌದಿ ಹೊಲಿದು ಮುಗಿಸಿದ್ದಳು. "ಇಷ್ಟ ಲಗೂನ ಯಾಕ?" ಅಂದರೆ, "ಚಳಿಗಾಲಕ್ಕ ಹುಟ್ಟತೈತಿ, ಅವಾಗ ಹೊಲ್ಕೋತ ಕುಂದರ್ಲೇನು?" ಅಂದಿದ್ದಳು. ಆ ಕೌದಿಯನ್ನು ಕೂಸಿನ ತೊಟ್ಟಿಲಿಗೆ ಮುಟ್ಟಿಸುವುದೊಂದೇ ಅವಳು ನನಗೆ ಬಿಟ್ಟುಹೋದ ಕೆಲಸ. ಮತ್ತು ಅವಳು ಬಿಟ್ಟುಹೋದ ಬೆಕ್ಕು ಅದನ್ನೇ ಕಡಿಯಲು ಹಿಡಿದಿತ್ತು.

ಖಾರದ ಮದ್ದು

ಮೊದಲು ಹೋದದ್ದು ಕೌದಿಯಲ್ಲ, ಮೊಬೈಲ್ ಚಾರ್ಜರಿನ ವೈರು. ಆಮೇಲೆ ಟೇಬಲ್ ಫ್ಯಾನಿನದು. ಊರ ಮಂದಿಯ ವೈರು ಜೋಡಿಸಿ ಹೊಟ್ಟೆ ಹೊರೆಯುವವನ ಮನೆಯಲ್ಲೇ ಫ್ಯಾನು ತಿರುಗುವುದಿಲ್ಲ ಎಂದರೆ ಮಾನ ಎಲ್ಲಿ ಉಳಿಯಿತು?

ಪಕ್ಕದ ಮನೆಯ ಟೀಚರಬಾಯಿ ಉಪಾಯ ಹೇಳಿದರು. "ಕಾಕಾರ, ವೈರಿಗೆ ಖಾರಾ ಹಚ್ರಿ. ಒಮ್ಮೆ ನಾಲಗಿ ಸುಟ್ಟಿತಂದ್ರ ಮತ್ತ ಆ ಕಡೆ ಹಾಯಂಗಿಲ್ಲ."

ಮನೆಯಲ್ಲಿ ಹೆಂಡತಿ ಕುಟ್ಟಿಟ್ಟ ಕೆಂಪು ಚಟ್ನಿ ಇತ್ತು. ಪ್ಲಗ್ಗು ಕಿತ್ತು, ವೈರಿನುದ್ದಕ್ಕೂ ಬಳಿದೆ. ಗೌಡ್ತಿ ಬಂದಳು, ಮೂಸಿದಳು, ಚಟ್ನಿಯನ್ನು ಪೂರ್ತಿ ನೆಕ್ಕಿದಳು, ಆಮೇಲೆ ಸಾವಕಾಶವಾಗಿ ವೈರು ಕಡಿದಳು. ಉಪ್ಪಿನಬೆಟಗೇರಿಯಲ್ಲಿ ರೊಟ್ಟಿ-ಚಟ್ನಿ ತಿಂದು ಬೆಳೆದ ಬೆಕ್ಕಿಗೆ ಅದೇನು ಲೆಕ್ಕ!

ಸಿಟ್ಟಿನಲ್ಲಿ ಅದೇ ಕೈಯಿಂದ ಕಣ್ಣುಜ್ಜಿಕೊಂಡೆ. ಪ್ರಾಣ ಹೋದ ಹಾಗಾಯಿತು. ಮದ್ದು ಹತ್ತಿತೋ ಇಲ್ಲವೋ ಎಂದು ನೋಡಲು ಟೀಚರಬಾಯಿ ಒಳಗೆ ಬಂದದ್ದು ಸರಿಯಾಗಿ ಆಗಲೇ. ನನ್ನ ಕಣ್ಣಲ್ಲಿ ಧಾರೆ ನೋಡಿ ಅವರೂ ಸೆರಗು ಕಣ್ಣಿಗೆ ಹಚ್ಚಿದರು.

"ಅಳ್ರಿ ಕಾಕಾರ, ಅತ್ತಬಿಡ್ರಿ. ಮಣ್ಣ ಕೊಡೋ ಹೊತ್ತಿನಾಗೂ ನೀವು ಅಳಲಿಲ್ಲ. ಎದ್ಯಾಗ ಇಟ್ಕೋಬಾರದು."

"ಅದಲ್ರಿ, ಚಟ್ನಿ..." ಅಂದೆ.

"ಹೌದ್ರಿ, ಕಾಕೂನ ಚಟ್ನಿ ನೋಡಿದ್ರ ನೆನಪು ಬರೂದ ಹೌದು," ಎಂದು ಅವರು ಇನ್ನೂ ಜೋರಾಗಿ ಅತ್ತರು.

ನಿಜ ಹೇಳಬೇಕೆಂದರೆ, ಉರಿ ಸ್ವಲ್ಪ ಹೊತ್ತಿಗೆ ಇಳಿಯಿತು. ಕಣ್ಣೀರು ನಿಲ್ಲಲಿಲ್ಲ. ಅವಳು ಹೋದ ದಿನದಿಂದ ಒಳಗೆ ಗಟ್ಟಿಯಾಗಿ ಕುಳಿತಿದ್ದಕ್ಕೆ ಮೆಣಸಿನಕಾಯಿ ಬರೇ ದಾರಿ ಮಾಡಿಕೊಟ್ಟಿತು. ಸಂಜೆಗೆ ಸುದ್ದಿ ಓಣಿ ತುಂಬ ಹಬ್ಬಿ ಮನೆಮನೆಯಿಂದ ಬುತ್ತಿ ಬಂತು. ಎದುರು ಮನೆಯ ಅಜ್ಜಿ ಬಾಗಿಲಲ್ಲೇ ನಿಂತು ಹೇಳಿದಳು: "ನಾಳೆ ನಮ್ಮ ಮನ್ಯಾಗ ಹೋಳಿಗಿ ಐತಪಾ. ಇವತ್ತ ಪೂರಾ ಅತ್ತು ಮುಗಸಬ್ಯಾಡ."

ಡಾಕ್ಟರ ಚೀಟಿ

ವೈರು ಮುಗಿಸಿ ಗೌಡ್ತಿ ಕೌದಿಗೆ ಬಂದಳು. ಬೇರೆಲ್ಲೂ ಅಲ್ಲ, ಒಂದೇ ಒಂದು ಮೂಲೆ. ಅಂಗಡಿಯಿಂದ ಬಂದು ನೋಡಿದರೆ ಆ ಮೂಲೆ ಎಂಜಲಿನಲ್ಲಿ ತೊಯ್ದು ತಪ್ಪಡಿಯಾಗಿರುತ್ತಿತ್ತು. ದೂರ ಎತ್ತಿಟ್ಟರೆ ಎಳೆದು ತರುತ್ತಿದ್ದಳು. ಸುತ್ತಿಟ್ಟರೆ ಬಿಚ್ಚಿ ಅದೇ ಮೂಲೆಯನ್ನು ಹುಡುಕುತ್ತಿದ್ದಳು.

ಮಿಕ್ಸರಿನ ಖಾಲಿ ಡಬ್ಬಕ್ಕೆ ತೂತು ಕೊರೆದು, ಅದರಲ್ಲಿ ಅವಳನ್ನು ಹಾಕಿಕೊಂಡು ದನದ ದವಾಖಾನೆಗೆ ಹೋದೆ. ನನ್ನ ಮುಂದೆ ಗರಗದ ರೈತನೊಬ್ಬ ಎಮ್ಮೆ ಹಿಡಿದು ನಿಂತಿದ್ದ. ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಗೌಡ್ತಿಯ ಬಾಯಿ, ಹಲ್ಲು, ಹೊಟ್ಟೆ ಎಲ್ಲ ನೋಡಿ ಕೇಳಿದರು:

"ಮನ್ಯಾಗ ಇದನ್ನ ಹಚ್ಚಿಕೊಂಡವರು ಯಾರರೆ ಹೋಗ್ಯಾರೇನ್ರಿ?"

ಹೇಳಿದೆ.

"ಅದಕ್ರಿ. ಜಡ್ಡೇನಿಲ್ಲ, ಮನಸಿಗೆ ಹಚಗೊಂಡೈತಿ. ಹೊತ್ತಿಗೆ ಸರಿಯಾಗಿ ಊಟ ಆಗ್ಲಿ. ಒಬ್ಬಂಟಿ ಬಿಡಬ್ಯಾಡ್ರಿ. ದಿನಾ ಹತ್ರ ಕುಂದರಿಸಿಕೊಂಡು ಮಾತಾಡಸ್ರಿ. ರಾತ್ರಿ ನಿದ್ದಿ ಛಲೋ ಆಗಬೇಕು."

"ಬಾಯಾರ, ಇದು ಬೆಕ್ಕಿನ ಔಷಧಾನೋ ನಂದೋ?"

ಡಾಕ್ಟರು ನನ್ನ ಬೆಳೆದ ಗಡ್ಡ, ಗುಂಡಿ ತಪ್ಪಿಸಿ ಹಾಕಿಕೊಂಡ ಅಂಗಿ ನೋಡಿದರು. "ಇಬ್ರೂ ತಗೋರಿ," ಅಂದರು.

ಗರಗದ ರೈತ ಎಮ್ಮೆಯನ್ನು ಅಲ್ಲೇ ಬಿಟ್ಟು ಮುಂದೆ ಬಂದ. "ಬಾಯಾರ, ನಾನೂ ದಿನಾ ಎಮ್ಮಿ ಮುಂದ ಕುಂತು ಮಾತಾಡತೇನ್ರಿ. ಮನ್ಯಾಕಿ ನನಗ ಹುಚ್ಚ ಅಂತಾಳ. ಇದು ಔಷಧ ಅಂತ ಚೀಟ್ಯಾಗ ಬರದ ಕೊಡ್ರಿ, ಒಯ್ದು ತೋರಸ್ತೇನಿ."

ಅಂಗಡಿಯಲ್ಲಿ ಗೌಡ್ತಿ

ಒಬ್ಬಂಟಿ ಬಿಡಬೇಡಿ ಅಂದರಲ್ಲ, ಅಂಗಡಿಗೇ ಕರೆದೊಯ್ದೆ. ಕೌದಿಯೂ ಮನೆಯಲ್ಲಿ ಸುರಕ್ಷಿತ ಉಳಿಯುತ್ತದೆ ಎಂಬ ಲೆಕ್ಕಾಚಾರ. ಸ್ಟೂಲಿನ ಮೇಲೆ ಗೌಡ್ತಿ, ನೆಲದ ಮೇಲೆ ನಾನು. ಮೋಟರು ಬಿಚ್ಚುತ್ತ ಅವಳ ಜೊತೆ ಮಾತಾಡುತ್ತಿದ್ದೆ. ಇವತ್ತು ಪಲ್ಯಕ್ಕೆ ಉಪ್ಪು ಹೆಚ್ಚಾಯಿತು, ಮಗಳು ಫೋನು ಮಾಡಿದ್ದಳು, ಕೂಸು ಒದೆಯುತ್ತದಂತೆ. ಹೆಂಡತಿಗೆ ಹೇಳುತ್ತಿದ್ದ ಮಾತುಗಳೇ. ಅವಳಾದರೆ ನಡುನಡುವೆ "ಹೂಂ" ಅನ್ನುತ್ತಿದ್ದಳು. ಅದೊಂದು "ಹೂಂ" ಇಲ್ಲದೆ ಮಾತು ಎಷ್ಟು ಬೇಗ ಮುಗಿದುಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ನಾನು ಚಹಾಕ್ಕೆ ಹೋಗಿ ಬರುವಷ್ಟರಲ್ಲಿ, ರಿಪೇರಿಗೆ ಬಂದ ಮಿಕ್ಸರುಗಳಿಗೆ ದಾರದಿಂದ ಕಟ್ಟಿದ್ದ ಹೆಸರಿನ ಚೀಟಿಗಳನ್ನೆಲ್ಲ ಗೌಡ್ತಿ ಅಗಿದು ಉಗುಳಿದ್ದಳು. ಯಾವುದು ಯಾರದು ಎಂದು ದೇವರೇ ಬಲ್ಲ. ಬಣ್ಣ ನೋಡಿ, ಅಂದಾಜು ಹಾಕಿ ಹಂಚಿದೆ. ಮರುದಿನ ಒಬ್ಬ ಗಿರಾಕಿ ತಿರುಗಿ ಬಂದಾಗ ಬೈಸಿಕೊಳ್ಳಲು ತಯಾರಾಗಿ ಎದ್ದು ನಿಂತೆ.

ಅವರು ಕೈ ಹಿಡಿದುಕೊಂಡು ಹೇಳಿದರು: "ಏನ್ ಕೈಗುಣ ರೀ ನಿಮ್ದು! ನಮ್ಮ ಮಿಕ್ಸರ್ ತಗೊಂಡಾಗೂ ಇಷ್ಟ ಛಲೋ ತಿರಗಿರಲಿಲ್ಲ. ಅದರ ಮ್ಯಾಲಿನ ಗೀರೂ ಹೋಗ್ಯಾವ!"

ಮೂಲೆಯ ಗುಟ್ಟು

ಮತ್ತೆ ಗೌಡ್ತಿಯನ್ನು ಮನೆಯಲ್ಲಿ ಬಿಟ್ಟು, ಕೌದಿಯನ್ನು ಕಬ್ಬಿಣದ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಗೌಡ್ತಿ ಟ್ರಂಕಿನ ಮೇಲೆ ಹತ್ತಿ ಕುಳಿತು ಅಳತೊಡಗಿದಳು. ಉಗುರಿನಿಂದ ತಗಡು ಕೆರೆಯುವುದು, ಅಳುವುದು, ಮತ್ತೆ ಕೆರೆಯುವುದು. ಟೀಚರಬಾಯಿ ನೋಡಿ ಕೈಮುಗಿದರು. "ಕಾಕೂನ ಜೀವ ಆ ಕೌದ್ಯಾಗ ಐತ್ರಿ. ಮೂಕ ಪ್ರಾಣಿಗೆ ಅದು ತಿಳೀತೈತಿ."

ನಾನು ದೆವ್ವ ಭೂತ ನಂಬುವವನಲ್ಲ. ಆದರೂ ಅವತ್ತಿನಿಂದ ಗೌಡ್ತಿಯನ್ನು ಬೈಯುವುದು ಬಿಟ್ಟೆ. ಅವಳ ಪಕ್ಕದಲ್ಲೇ ಟ್ರಂಕಿಗೆ ಒರಗಿ ಕೂರುತ್ತಿದ್ದೆ. ಈ ಮನೆಯಲ್ಲಿ ನನ್ನಷ್ಟೇ ದುಃಖ ಪಡುವ ಜೀವ ಇನ್ನೊಂದಿದೆ ಎನ್ನುವುದೇ ಒಂದು ಸಮಾಧಾನವಾಗಿತ್ತು.

ಮಗಳು ಹೆರಿಗೆಗೆ ಬಂದಳು. ಟ್ರಂಕು ತೆಗೆದದ್ದೇ ತಡ, ಗೌಡ್ತಿ ಹಾರಿ ಆ ಮೂಲೆಗೆ ಬಾಯಿ ಹಾಕಿದಳು. ಹೊಲಿಗೆ ಬಿಚ್ಚಿ ಹೋಗಿತ್ತು. ಮಗಳು ಸಿಟ್ಟಾಗಲಿಲ್ಲ, ಬೆಕ್ಕನ್ನು ಅಪ್ಪಿಕೊಂಡು ಅತ್ತಳು. "ಅಪ್ಪಾ, ಅವ್ವ ಇದೇ ಮೂಲಿ ಹಿಡಕೊಂಡು ಕಡೀಕ ಹೊಲದಿರಬೇಕು. ಆಕಿ ಕೈ ವಾಸನಿಗೆ ಬರತೈತಿ ಇದು." ಮೂವರೂ ಕೌದಿಯ ಸುತ್ತ ಕುಳಿತು ಅತ್ತೆವು. ಗೌಡ್ತಿ ಮಾತ್ರ ಕಡಿಯುತ್ತ ಅತ್ತಳು.

ಅದೇ ವಾರ ಉಪ್ಪಿನಬೆಟಗೇರಿಯಿಂದ ಹೆಂಡತಿಯ ಅಕ್ಕ ಬಂದರು. ಬಾಣಂತನಕ್ಕೆಂದು ಬಂದವರು. ಮಗಳು ಕಣ್ಣೊರೆಸಿಕೊಳ್ಳುತ್ತ ಕತೆಯೆಲ್ಲ ಹೇಳಿದಳು. ಅಕ್ಕ ಕೇಳಿದರು: "ಯಾವ ಮೂಲಿ? ತಾ ಇಲ್ಲಿ."

ನೋಡಿದವರೇ ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಾರೆ ಅಂದುಕೊಂಡೆ, ನಗುತ್ತಿದ್ದರು!

"ಕೌದಿ ಹೊಟ್ಟಿ ತುಂಬಿಸಿದ ಮೂಲಿ ರೀ ಇದು! ಕೌದಿ ಮುಗಿಸೋ ಮುಂದ ಒಂದು ಮೂಲ್ಯಾಗ ರೊಟ್ಟಿ ಚೂರು ಇಟ್ಟು ಹೊಲಿತೇವಿ. ಕೌದಿ ಹಸದ ಇರಬಾರದು, ಹೊದ್ದವರೂ ಹಸದ ಇರಬಾರದು ಅಂತ. ನಮ್ಮ ಊರಿಗೆ ಬಂದಾಗ ಇದನ್ನ ಮುಗಸಿದ್ಲು, ರೊಟ್ಟಿ ಚೂರು ಸಾಕವಾ ಅಂತ ನಾ ಬಡಕೊಂಡೆ. ಕೇಳಿದ್ಲೇನು? ನನ್ನ ಮೊಮ್ಮಗು ಹೊದಿಯೋ ಕೌದಿ, ಇದರ ಹೊಟ್ಟಿಗೂ ಹೋಳಿಗಿನ ಬೇಕು ಅಂತ ಶೇಂಗಾ ಹೋಳಿಗಿಗೆ ತುಪ್ಪ ಸವರಿ ಇಟ್ಟು ಹೊಲದ್ಲು. ನಿಮ್ಮ ಬೆಕ್ಕಿಗೆ ದುಃಖನೂ ಇಲ್ಲ, ಮಣ್ಣೂ ಇಲ್ಲ. ತುಪ್ಪದ ವಾಸನಿ!"

ಹುಟ್ಟಿದಾಗಿನಿಂದ ಕೌದಿ ಹೊದ್ದು ಮಲಗಿದ ನನಗೆ ಅದಕ್ಕೊಂದು ಹೊಟ್ಟೆ ಇದೆ ಎಂದು ಗೊತ್ತಿರಲಿಲ್ಲ. ನಾನು ಗೌಡ್ತಿಯನ್ನು ನೋಡಿದೆ. ಇಷ್ಟು ದಿನ ನನ್ನ ಜೊತೆಗೂಡಿ ಶೋಕ ಮಾಡಿದ ಮಹಾತಾಯಿ! ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ದೊಡ್ಡವ್ವಾ, ನಗಸಬ್ಯಾಡ, ಇಲ್ಲೇ ಹಡೀತೇನಿ ನೋಡು" ಅಂದಳು. ಅವಳ ಅವ್ವ ಹೋದ ಮೇಲೆ ಆ ಮನೆಯಲ್ಲಿ ನಗು ಕೇಳಿದ್ದು ಅದೇ ಮೊದಲು.

ಅಕ್ಕ ಉಳಿದ ಹೊಲಿಗೆ ಬಿಚ್ಚಿ, ಒಳಗಿದ್ದ ಹೋಳಿಗೆಯ ಚೂರನ್ನು ನನ್ನ ಅಂಗೈಯಲ್ಲಿ ಇಟ್ಟರು. ಒಣಗಿ ಬೆಂಡಾಗಿತ್ತು. ನಗು ಅಲ್ಲಿಗೇ ನಿಂತಿತು. ಚಟ್ನಿ ಎಂದೋ ಮುಗಿದಿತ್ತು, ಅವಳ ಕೈಯಡುಗೆ ಎಂದು ಈ ಲೋಕದಲ್ಲಿ ಉಳಿದದ್ದು ಅಷ್ಟೇ. ಎಸೆಯಲು ಮನಸ್ಸಾಗಲಿಲ್ಲ. ತಿಂದುಬಿಟ್ಟರೆ ಅದೂ ಮುಗಿದುಹೋಗುತ್ತಿತ್ತು. ಗೌಡ್ತಿ ಬಂದು ನನ್ನ ಮೊಣಕಾಲಿಗೆ ಮುಂಗಾಲು ಹಚ್ಚಿ ನಿಂತಳು. ಅಷ್ಟು ದಿನ ಅದಕ್ಕಾಗಿ ಹೊಡೆದಾಡಿದವಳು ಅವಳೇ ಅಲ್ಲವೇ? ಕೊಟ್ಟುಬಿಟ್ಟೆ. ಒಂದು ಕಣವನ್ನೂ ಬಿಡದೆ ತಿಂದು, ನನ್ನ ಅಂಗೈ ನೆಕ್ಕಿದಳು.

ಈಗ ಕೌದಿಯ ಹೊಟ್ಟೆ ಖಾಲಿ. "ತುಂಬಸಬೇಕಲ್ರಿ," ಅಂದರು ಅಕ್ಕ. "ನಾ ಮಾಡಿದ್ರ ನಡಿಯಂಗಿಲ್ಲ. ಈ ಮನಿ ಒಲಿ ಈಗ ನಿಮ್ಮ ಕೈಯಾಗ ಐತಿ. ನೀವ ಮಾಡ್ರಿ."

ನಾನು ಶೇಂಗಾ ಹುರಿದೆ, ಅರ್ಧ ಸೀದವು. ಬೆಲ್ಲ ಕೂಡಿಸಿದೆ, ಕಲ್ಲಾಯಿತು. ಲಟ್ಟಿಸಿದ್ದು ಒಂದು ಕಡೆ ಹಪ್ಪಳ, ಒಂದು ಕಡೆ ಇಟ್ಟಂಗಿ. ಅವಳಂತೆಯೇ ತುಪ್ಪವನ್ನೂ ಧಾರಾಳವಾಗಿ ಸವರಿದೆ. ಮಗಳು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ನನ್ನ ಮುಖ ನೋಡಿದಳು. "ಇರ್ಲಿ ಬಿಡಪ್ಪಾ, ಕೌದಿಗೆ ಹಲ್ಲಿಲ್ಲ" ಅಂದಳು. ಅದನ್ನೇ ಮೂಲೆಯಲ್ಲಿಟ್ಟು, ಹೆಂಡತಿಯ ಸೂಜಿಯಿಂದಲೇ ನಾನು ಹೊಲಿದೆ. ತಂತಿ ಸುತ್ತುವ ಕೈ, ಹೊಲಿಗೆ ಸೊಟ್ಟಗೇ ಬಂತು.

ಮೊಮ್ಮಗಳು ಹುಟ್ಟಿದಳು. ತೊಟ್ಟಿಲಲ್ಲಿ ಕೌದಿ ಹಾಸಿದ ದಿನ ಗೌಡ್ತಿ ಸದ್ದಿಲ್ಲದೆ ಬಂದಳು. ಅಕ್ಕ ಕೋಲು ಹುಡುಕಿದರು. ಮಗಳು ಕೂಸಿಗೆ ಅಡ್ಡ ಕೈ ಹಿಡಿದಳು. ಗೌಡ್ತಿ ಮುಂಗಾಲೆತ್ತಿ ನಿಂತು, ಕೆಳಗೆ ಜೋತಿದ್ದ ಆ ಮೂಲೆಯನ್ನು ಮೂಸಿದಳು. ಒಮ್ಮೆ ನನ್ನ ಮುಖ ನೋಡಿದಳು. ಮತ್ತೊಮ್ಮೆ ಮೂಸಿದಳು. ಆಮೇಲೆ ಹಿಂದೆ ಸರಿದು, ಎರಡು ಸಲ ಸೀನಿ, ಬಾಲ ಎತ್ತಿಕೊಂಡು ಅಂಗಳಕ್ಕೆ ಹೋಗಿಬಿಟ್ಟಳು.

ಖಾರದಿಂದ ಆಗದ್ದು, ಡಾಕ್ಟರಿಂದ ಆಗದ್ದು, ಬೀಗದಿಂದ ಆಗದ್ದು ನನ್ನ ಅಡುಗೆಯಿಂದ ಆಯಿತು. ಅಂದಿನಿಂದ ಇವತ್ತಿನವರೆಗೆ ಗೌಡ್ತಿ ಆ ಕೌದಿಗೆ ಬಾಯಿ ಹಾಕಿಲ್ಲ.