ತಲೆಯಾಡಿಸುವ ಅಧಿಕಾರ

ಈ ಶನಿವಾರ ತಮ್ಮ ಬ್ಯಾಂಡಿನ ಕಾರ್ಯಕ್ರಮದಲ್ಲಿ ಹೆಂಡತಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಒಂದೇ ಒಂದು ಹಾಡನ್ನಾದರೂ ಆದಿಯಿಂದ ಅಂತ್ಯದವರೆಗೆ ಕೇಳಿಸಿಯೇ ತೀರುವುದು; ಅವಳು ನಡುವೆ ಎದ್ದು ಹೋದರೆ ಗಿಟಾರನ್ನು ಅಟ್ಟಕ್ಕೇರಿಸಿ ಮತ್ತೆಂದೂ ಮುಟ್ಟದಿರುವುದು! ಕನ್ನಡಕದಂಗಡಿಯ ಯಜಮಾನರು ಈ ಭೀಷ್ಮಪ್ರತಿಜ್ಞೆಯನ್ನು ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಮಾಡಿದರು.

“ಅಂತ್ಯ ಅಂತ ಒಂದಿದ್ಯಾ ಅದಕ್ಕೆ?” ಎಂದಳು ಹೆಂಡತಿ.

ಅವಳಿಗೆ ಗ್ರಂಥಾಲಯದಲ್ಲಿ ಕೆಲಸ. ದಿನವಿಡೀ ಜನರನ್ನು ಸುಮ್ಮನಿರಿಸಿ ಮನೆಗೆ ಬಂದರೆ ಪಕ್ಕದ ಕೋಣೆಯಲ್ಲಿ ‘ತುಕ್ಕು’ ಬ್ಯಾಂಡಿನ ಅಭ್ಯಾಸ. ಗಿಟಾರಿಗೆ ಯಜಮಾನರು, ಡ್ರಮ್ಮಿಗೆ ಟೈರಂಗಡಿಯವ, ಬೇಸ್ ಗಿಟಾರಿಗೂ ಹಾಡಿಗೂ ಹಲ್ಲಿನ ಡಾಕ್ಟರು. ಮೂವರಿಗೂ ಹಳೆಯ ಕಾಲದ ಹುಚ್ಚು: ಕಾದ ಮೇಲೇ ದನಿ ಬಿಡುವ ಆಂಪ್ಲಿಫೈಯರು, ಕಾಲ ಬಳಿ ಗಂಟೆಯಂತೆ ಅಗಲವಾಗುವ ಪ್ಯಾಂಟು. ಅವರ ಹಾಡೆಂದರೆ, ಮೊದಲು ಬ್ಲೂಸಿನಲ್ಲಿ ನಿಧಾನವಾಗಿ ದುಃಖ ತೋಡಿಕೊಳ್ಳುವುದು, ಆಮೇಲೆ ಹಾರ್ಡ್ ರಾಕಿನಲ್ಲಿ ಆ ದುಃಖ ಕೊಟ್ಟವರ ಮನೆಬಾಗಿಲು ಒದೆಯುವುದು. ಅವಳು ಕಿವಿಗೆ ಹತ್ತಿ ಇಟ್ಟುಕೊಂಡು ಪುಸ್ತಕ ಹಿಡಿಯುತ್ತಿದ್ದಳು. ಆ ಹತ್ತಿ ಯಜಮಾನರ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಕೊನೆಗೆ ಬರುವ ಗಿಟಾರಿನ ಒಂಟಿ ಓಟಕ್ಕೆ ಅಳತೆಯಿರಲಿಲ್ಲ. ಯಜಮಾನರು ತಲೆಯಾಡಿಸಿದರೆ ಹಾಡು ಮುಗಿಯಿತೆಂದು ಲೆಕ್ಕ. ಅಲ್ಲಿಯವರೆಗೆ ಉಳಿದಿಬ್ಬರು ಆ ತಲೆಯನ್ನೇ ನೋಡುತ್ತ ಬಾರಿಸುತ್ತಿರಬೇಕು. ಮೂವತ್ತು ವರ್ಷದಿಂದ ನಡೆದು ಬಂದ ಶಾಸನವಿದು!

ಶುಕ್ರವಾರ ಸಂಜೆ ಯಜಮಾನರು ಕನ್ನಡಿಯ ಮುಂದೆ ನಿಂತು, ಹರೆಯದಲ್ಲಿ ಮಾಡುತ್ತಿದ್ದಂತೆ ತಲೆ ಕೊಡವುವ ಅಭ್ಯಾಸಕ್ಕಿಳಿದರು. ಆಗ ಉದ್ದ ಕೂದಲೇ ಅರ್ಧ ಕೆಲಸ ಮಾಡುತ್ತಿತ್ತು. ಈಗ ಬೋಳು ತಲೆಯ ಪೂರ್ತಿ ಭಾರ ಕತ್ತಿನ ಮೇಲೆ ಬಿತ್ತು. ಕಟಕ್! ಮೂಳೆಯ ಡಾಕ್ಟರು ಕಿವಿಯ ತನಕ ದಪ್ಪ ಪಟ್ಟಿ ಬಿಗಿದು, ಕತ್ತು ಅಲುಗಿಸಕೂಡದೆಂದರು. ನುಡಿಸುವುದು ಕೈಯಲ್ಲಿ ತಾನೇ, ಕತ್ತಿಗೇನು ಕೆಲಸ ಎಂದು ಯಜಮಾನರು ಬೀಗಿದರು. ಶಾಸನ ಒಬ್ಬರಿಗೂ ನೆನಪಾಗಲಿಲ್ಲ.

ಶನಿವಾರ ಶಾಲೆಯ ಸಭಾಂಗಣ ತುಂಬಿತ್ತು. ಮೂವರೂ ಯಜಮಾನರ ಅಂಗಡಿಯ ಕಪ್ಪು ಕನ್ನಡಕ ಏರಿಸಿದ್ದರು. ಮುಂದಿನ ಸಾಲಿನಲ್ಲಿ ಹೆಂಡತಿ, ಕಿವಿಯಲ್ಲಿ ಹತ್ತಿ. ದುಃಖ ತೋಡಿಕೊಂಡದ್ದಾಯಿತು, ಬಾಗಿಲು ಒದೆದದ್ದಾಯಿತು, ಒಂಟಿ ಓಟವೂ ಓಡಿತು. ಇನ್ನು ಮುಗಿಸೋಣವೆಂದು ತಲೆಯಾಡಿಸಹೋದರೆ, ತಲೆ ಎಲ್ಲಿ ಆಡುತ್ತದೆ!

ಕಣ್ಣು ಮಿಟುಕಿಸಿದರು. ಕಪ್ಪು ಗಾಜಿನ ಹಿಂದೆ ಯಾರಿಗೆ ಕಾಣಬೇಕು? ಕೂಗಿದರು. ಆ ಗದ್ದಲದಲ್ಲಿ ತಮಗೇ ಕೇಳಿಸಲಿಲ್ಲ. ಕೈ ನಿಲ್ಲಿಸಿದರೆ, ಉಸಿರು ತೆಗೆದುಕೊಳ್ಳುತ್ತಿದ್ದಾರೆಂದುಕೊಂಡು ಇಬ್ಬರೂ ಹೊಸ ಸುತ್ತು ಹಿಡಿದರು. ಕೊನೆಗೆ ಕಾಲೆತ್ತಿ ಝಾಡಿಸಿದರು. ಹುರುಪು ಬಂತೆಂದು ಟೈರಂಗಡಿಯವ ಓಟ ದುಪ್ಪಟ್ಟು ಮಾಡಿದ! ಹುಲಿಯ ಬಾಲ ಹಿಡಿದಂತಾಯಿತು. ಬಿಡುವ ಹಾಗಿಲ್ಲ, ಹಿಡಿಯುವ ಹಾಗೂ ಇಲ್ಲ. ಹಿಂದಿನ ಸಾಲಿನವರು ಮೆಲ್ಲಗೆ ಜಾಗ ಖಾಲಿ ಮಾಡತೊಡಗಿದರು.

ಅಷ್ಟರಲ್ಲಿ ಹೆಂಡತಿಯೂ ಎದ್ದಳು.

ಮುಗಿಯಿತು ಕಥೆ, ಗಿಟಾರು ಅಟ್ಟಕ್ಕೆ! ಯಜಮಾನರಿಗೆ ನಿಜಕ್ಕೂ ಅಳು ಬಂತು. ಬೆರಳು ತಾನಾಗಿ ನಿಧಾನವಾಯಿತು. ಇಷ್ಟು ವರ್ಷ ಸಾಲ ತಂದ ದುಃಖ ನುಡಿಸುತ್ತಿದ್ದವರ ಕೈಗೆ ಈಗ ಸ್ವಂತದ್ದೇ ಬಂದಿತ್ತು. ಉಳಿದಿಬ್ಬರೂ ಬೆಪ್ಪಾಗಿ ತಗ್ಗಿದರು.

ಅವಳು ಬಾಗಿಲ ಕಡೆ ಹೋಗಲಿಲ್ಲ. ವೇದಿಕೆಯ ಕೆಳಗೆ ಬಂದು, ಕಿವಿಯ ಹತ್ತಿ ತೆಗೆದು, ಡ್ರಮ್ಮಿನವನಿಗೂ ಡಾಕ್ಟರಿಗೂ ಕಾಣುವಂತೆ ನಿಂತಳು. ಒಂದು ಸುತ್ತು ಮುಗಿಯಿತು, ಸುಮ್ಮನಿದ್ದಳು. ಇನ್ನೊಂದು ಸುತ್ತು ಅಳುತ್ತಳುತ್ತ ಇಳಿದು ನೆಲಮುಟ್ಟಿತು. ಆಗ ಸರಿಯಾಗಿ ತಲೆಯಾಡಿಸಿದಳು. ಧಡ್! ಮೂವರೂ ಒಟ್ಟಿಗೆ ನಿಂತರು. ‘ತುಕ್ಕು’ ಅಷ್ಟು ಚೊಕ್ಕವಾಗಿ ಎಂದೂ ನಿಂತಿರಲಿಲ್ಲ.

ಮನೆಗೆ ನಡೆಯುವಾಗ ಯಜಮಾನರು ಇಡೀ ಮೈಯನ್ನೇ ಅವಳತ್ತ ತಿರುಗಿಸಿ, ಅದು ಹೇಗೆ ಗೊತ್ತಾಯಿತೆಂದು ಕೇಳಿದರು.

“ಪಕ್ಕದ ಕೋಣೇಲಿ ಇಷ್ಟು ವರ್ಷ ಕೇಳ್ತಾನೇ ಇದೀನಲ್ಲ.”

“ಮತ್ತೆ ಆ ಹತ್ತಿ?”

“ಅದು ಹಾಡಿಗಲ್ಲ. ಮುಗಿದ ಮೇಲೆ ‘ಹೇಗಿತ್ತು, ಹೇಗಿತ್ತು’ ಅಂತ ಪ್ರಾಣ ತಿಂತೀರಲ್ಲ, ಅದಕ್ಕೆ.”

ಯಜಮಾನರು ಗಿಟಾರನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದರು. ಆಮೇಲೆ, ಮೊದಲ ಸುತ್ತಿಗೇ ಯಾಕೆ ನಿಲ್ಲಿಸಲಿಲ್ಲವೆಂದು ಮೆಲ್ಲಗೆ ಕೇಳಿದರು.

“ಚೆನ್ನಾಗಿತ್ತು, ಅದಕ್ಕೆ,” ಎಂದು ಅವಳು ಅವರ ತೋಳು ಹಿಡಿದುಕೊಂಡಳು.

ಕತ್ತು ವಾಸಿಯಾಯಿತು, ಪಟ್ಟಿ ಬಿಚ್ಚಿದ್ದಾಯಿತು. ಅಭ್ಯಾಸದ ಕೋಣೆಯಲ್ಲಿ ಯಜಮಾನರು ಹಳೆಯ ಗತ್ತಿನಿಂದ ತಲೆಯಾಡಿಸಿದರು. ಹಾಡು ನಿಲ್ಲಲಿಲ್ಲ. ಇನ್ನೂ ಜೋರಾಗಿ ಆಡಿಸಿದರು. ಇಬ್ಬರೂ ಅವರ ಕಡೆ ನೋಡುತ್ತಲೇ ಇರಲಿಲ್ಲ. ಮೂಲೆಯಲ್ಲಿ ಹೊಸದಾಗಿ ಹಾಕಿದ್ದ ಕುರ್ಚಿಯ ಕಡೆ ನೋಡುತ್ತಿದ್ದರು. ಅದರಲ್ಲಿ ಕೂತಿದ್ದ ಹೆಂಡತಿ ಪುಸ್ತಕದಿಂದ ಕಣ್ಣೆತ್ತದೆ, ಇನ್ನೊಂದು ಸುತ್ತು ಎಂದು ಬೆರಳು ತೋರಿಸಿದಳು.

ಯಜಮಾನರು ತೆಪ್ಪಗೆ ನುಡಿಸಿದರು.