ಮಂಜನ ಬಾಯಲ್ಲಿ ನನ್ನ ಹೊಗಳಿಕೆ

ದೂರದವರು ಉದ್ಧಾರವಾದರೆ ನನಗೆ ಯಾವ ತೊಂದರೆಯೂ ಇಲ್ಲ. ಮಾಗಡಿ ರಸ್ತೆಯಲ್ಲಿ ಯಾರೋ ರೆಸಾರ್ಟ್ ಕಟ್ಟಿಸಿದರೆ ಅದರ ಗೇಟಿನ ಮುಂದೆ ನಿಂತು ಖುಷಿಯಾಗಿ ಫೋಟೋ ತೆಗೆಸಿಕೊಳ್ಳುತ್ತೇನೆ. ಆದರೆ ನನ್ನ ಬಾಟಲಿ ಕಚ್ಚಿ ನೀರು ಕುಡಿದವನು, ನನ್ನ ಹಳೆಯ ಗ್ಲೌಸು ಹಾಕಿಕೊಂಡು ಓಡಾಡಿದವನು ಉದ್ಧಾರವಾದರೆ ಮಾತ್ರ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ಹೊಟ್ಟೆಕಿಚ್ಚು ಸೋಲೂರಿನ ಬಸ್ಸಿದ್ದ ಹಾಗೆ, ಹತ್ತಿರ ಹತ್ತಿರದ ಸ್ಟಾಪುಗಳಲ್ಲೇ ಹೆಚ್ಚು ಹೊತ್ತು ನಿಲ್ಲುತ್ತದೆ. ಇದನ್ನು ಒಪ್ಪಿಕೊಳ್ಳುವುದರಲ್ಲಿ ನನ್ನ ದೊಡ್ಡತನವೇನೂ ಇಲ್ಲ. ಮುಚ್ಚಿಡಲು ನೋಡಿದೆ, ಮುಖ ಸಹಕರಿಸಲಿಲ್ಲ.

ಉದ್ಧಾರವಾದವನ ಹೆಸರು ಮಂಜ. ಚನ್ನಪಟ್ಟಣದ ಹತ್ತಿರದ ಅಕ್ಕೂರಿನವನು, ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ನಾನು ಶಿವು, ರಾಮನಗರದವನು. ಬಿಡದಿಯ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ಉಳಿದ ಹೊತ್ತಿನಲ್ಲಿ ಕಂಡಕಂಡವರ ಮಿಮಿಕ್ರಿ. ಮೂರನೆಯವನು ರಿಯಾಜ್, ಗೂಡ್ಸ್ ಆಟೋದಲ್ಲಿ ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸುವವನು. ಭಾನುವಾರ ಅದೇ ಆಟೋದಲ್ಲಿ ನಮ್ಮ ಸೈಕಲ್ಲುಗಳನ್ನು ಗೋಣಿಚೀಲದ ನಡುವೆ ಮಲಗಿಸಿಕೊಂಡು ಬೆಟ್ಟದ ಬೆನ್ನಿನ ಕಚ್ಚಾ ರಸ್ತೆಯಲ್ಲಿ ಮೇಲಕ್ಕೆ ಹೋಗುತ್ತೇವೆ. ಆಟೋ ಅಲ್ಲೇ ನಿಲ್ಲಿಸಿ, ಬಂಡೆಗಳ ಮೇಲೆ ಸೈಕಲ್ ಬಿಟ್ಟುಕೊಂಡು ಕೆಳಕ್ಕೆ ಬರುತ್ತೇವೆ. ಇದಕ್ಕೆ ಡೌನ್‌ಹಿಲ್ ಎನ್ನುತ್ತಾರೆ. ನಮ್ಮಮ್ಮ ಇದಕ್ಕೆ ಬೇರೆ ಹೆಸರಿಟ್ಟಿದ್ದಾಳೆ, ಅಚ್ಚು ಹಾಕಿಸುವಂಥದ್ದಲ್ಲ.

ಮಂಜನಿಗೆ ದುಡ್ಡು ಬರುವ ಮೊದಲು ನಮ್ಮಲ್ಲಿ ಒಂದು ಪದ್ಧತಿಯಿತ್ತು. ಎಲ್ಲರಿಗಿಂತ ಮುಂಚೆ ಕೆಳಗೆ ಬಂದವನು ಉಳಿದವರಿಗೆ ತಟ್ಟೆ ಇಡ್ಲಿ ಕೊಡಿಸಬೇಕು. ಹಾಗಾಗಿ ನಮ್ಮಷ್ಟು ಸೌಜನ್ಯದ ಸ್ಪರ್ಧಿಗಳು ಜಗತ್ತಿನಲ್ಲೇ ಇರಲಿಲ್ಲ. ಅರ್ಧ ಬೆಟ್ಟದವರೆಗೆ ಹುಲಿಗಳಂತೆ ನುಗ್ಗಿ ಬಂದವರು ಕೊನೆಯ ತಿರುವಿನಲ್ಲಿ ಮದುವೆ ಮನೆಯ ಬೀಗರಾಗಿಬಿಡುತ್ತಿದ್ದೆವು. ‘ನೀನ್ ಮುಂದೆ ನಡೀಲಾ.’ ‘ಚೆನ್ನಾಗಿರಲ್ಲ, ನೀನೇ ಹೋಗು.’ ರಿಯಾಜನಂತೂ ಅಲ್ಲಿ ಸೈಕಲ್ ನಿಲ್ಲಿಸಿ ಬಗ್ಗಿ ಲೇಸು ಕಟ್ಟುತ್ತಿದ್ದ. ಅವನು ಹಾಕುತ್ತಿದ್ದುದು ಚಪ್ಪಲಿ. ಮಂಜ ಒಬ್ಬ ಮಾತ್ರ ನಮ್ಮ ಮಧ್ಯೆ ಬಾಣದ ಹಾಗೆ ತೂರಿಕೊಂಡು ಹೋಗಿ ಗೆದ್ದು, ಬೈದುಕೊಂಡು ಇಡ್ಲಿ ಕೊಡಿಸುತ್ತಿದ್ದ. ಅವನಿಗೆ ನಿಧಾನ ಮಾಡಲು ಬರುತ್ತಿರಲಿಲ್ಲ. ಪಾಪ, ದಡ್ಡ ಎಂದುಕೊಂಡಿದ್ದೆ. ಅದನ್ನು ಪ್ರತಿಭೆ ಎನ್ನುತ್ತಾರೆಂದು ಆಮೇಲೆ ತಿಳಿಯಿತು.

ಇನ್ನೊಂದು ಪದ್ಧತಿ ಕಲ್ಲು ಕಾಯುವುದು. ದಾರಿಯ ನಡುವೆ ಆಳೆತ್ತರದ ಬಂಡೆಯೊಂದಿದೆ. ಎಡಗಡೆಯಿಂದ ಬಂದರೂ ಬಲಗಡೆಯಿಂದ ಬಂದರೂ ಅದಕ್ಕೆ ಸಮಾಧಾನವಿಲ್ಲ, ಎತ್ತಿ ಒಗೆಯುತ್ತದೆ. ಹಾಗಾಗಿ ಅದಕ್ಕೆ ಅತ್ತೆ ಕಲ್ಲು ಎಂದು ಹೆಸರು. ಮೊದಲು ಇಳಿದವನು ಸೈಕಲ್ ಒರಗಿಸಿ, ಕಲ್ಲಿನ ಪಕ್ಕ ನಿಂತು, ಹಿಂದೆ ಬರುವವನಿಗೆ ದಾರಿ ಕೂಗಬೇಕು. ಮಂಜ ಅಲ್ಲಿ ನಿಂತು ‘ಒಸಿ ಎಡಕ್ಕೆ ಬಾ, ಹಿಂದಕ್ಕೆ ಕೂತ್ಕ, ಬ್ರೇಕ್ ಬುಡ್ಲಾ, ಬುಡ್ಲಾ’ ಎಂದರೆ ಮಾತ್ರ ನನ್ನ ಬೆರಳು ಬ್ರೇಕ್ ಬಿಡುತ್ತಿತ್ತು. ಅವನಿಲ್ಲದೆಯೂ ಆ ಕಲ್ಲು ಇಳಿದಿದ್ದೇನೆ. ಆದರೆ ಸೈಕಲ್ ಬೇರೆ ಇಳಿದಿದೆ, ನಾನು ಬೇರೆ ಇಳಿದಿದ್ದೇನೆ.

ಹೀಗಿರುವಾಗ ಮಂಜ ಹೊರರಾಜ್ಯದ ರೇಸೊಂದರಲ್ಲಿ ಗೆದ್ದುಬಿಟ್ಟ. ಬೆಂಗಳೂರಿನ ಒಂದು ಪ್ರೋಟೀನ್ ಪುಡಿಯ ಕಂಪನಿ ಅವನನ್ನು ಎತ್ತಿಕೊಂಡಿತು. ಹೊಸ ಸೈಕಲ್ ಬಂತು. ಅದರ ಹಿಂದಿನ ಚಕ್ರವೊಂದನ್ನೇ ಮಾರಿದರೂ ಆ ದುಡ್ಡಿಗೆ ನನ್ನ ಸೈಕಲ್ಲು, ಜೊತೆಗೆ ನಾನು, ಇಬ್ಬರೂ ಬರುತ್ತೇವೆ. ಏಸಿ ವ್ಯಾನು ಬಂತು. ರಿಯಾಜನ ಆಟೋದಲ್ಲಿ ನನ್ನ ತೊಡೆಯ ಮೇಲೆ ಕೂರುತ್ತಿದ್ದವನು ಈಗ ವ್ಯಾನಿನ ಕಿಟಕಿಯಿಂದ ಕೈ ಬೀಸತೊಡಗಿದ. ನಾವು ಚಿತ್ರಾನ್ನ ಬಿಚ್ಚಿದರೆ ಅವನು ಡಬ್ಬಿಯಲ್ಲಿ ಪುಡಿ ಕಲಸಿ ಗಡಗಡ ಅಲ್ಲಾಡಿಸುತ್ತ ನಮ್ಮ ಒಗ್ಗರಣೆಯನ್ನೇ ನೋಡುತ್ತಿದ್ದ. ಅಷ್ಟನ್ನು ಸಹಿಸಿಕೊಳ್ಳಬಹುದಿತ್ತು. ಆದರೆ ಅವನು ಕಲ್ಲಿನ ಹತ್ತಿರ ನಿಲ್ಲುವುದನ್ನೇ ಬಿಟ್ಟ. ಅವನ ಓಟಕ್ಕೆ ಈಗ ಗಡಿಯಾರವಿತ್ತು, ಕ್ಯಾಮೆರಾ ಇತ್ತು.

‘ಕಲ್ ಇಳಿಯೋ ಲೈನ್ ಯಾರ್ಗೂ ಹೇಳ್ಕೊಡ್ಬ್ಯಾಡ ಅಂದವ್ರೆ ಕಣ್ಲಾ ಕಂಪ್ನಿಯೋರು. ದೊಡ್ಡ ರೇಸ್ ಹತ್ರ ಐತೆ,’ ಎಂದ, ನೆಲ ನೋಡುತ್ತ.

‘ನಾನ್ ಕದ್ಕಂಡೋಗಿ ಏನ್ ಮಾಡ್ಲಿ? ನನ್ ಸೈಕಲ್ ನೋಡ್ಲಾ, ಹಣ್ಣಾದ ರೇಷ್ಮೆ ಹುಳದಂಗೆ ಗೂಡು ಕಟ್ಟೋಕೆ ರೆಡಿ ಐತೆ,’ ಎಂದೆ.

ಅವನು ನಗಲಿಲ್ಲ. ಆ ಭಾನುವಾರ ಅತ್ತೆ ಕಲ್ಲು ನನ್ನನ್ನು ಲಂಟಾನಾ ಪೊದೆಗೆ ಒಪ್ಪಿಸಿತು. ನನಗೆ ಅವನ ಸೈಕಲ್ ಬೇಡ, ವ್ಯಾನ್ ಬೇಡ (ವ್ಯಾನ್ ಒಸಿ ಬೇಕಿತ್ತು). ಅವನು ಆ ಕಲ್ಲಿನ ಹತ್ತಿರ ನಿಲ್ಲಬೇಕಿತ್ತು, ಅಷ್ಟೇ. ಬಾಯಿಬಿಟ್ಟು ಕೇಳಲು ಮಾನ ಅಡ್ಡ ಬಂತು. ಹಾಗಾಗಿ ಟೀ ಅಂಗಡಿಯಲ್ಲಿ ಅವನನ್ನು ಅಣಕಿಸಿದೆ. ಪುಡಿ ಕುಡಿದು ಮೂಗು ಒರೆಸಿಕೊಳ್ಳುವ ಮಂಜ, ಸೆಲ್ಫಿ ಕೇಳಿದರೆ ಕತ್ತು ನೀಳ ಮಾಡುವ ಮಂಜ. ಜನ ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಅಷ್ಟರಲ್ಲಿ ಕಂಪನಿಯವರು ಜಾಹೀರಾತು ತೆಗೆಯಲು ಬಂದರು. ಬಂಡೆಯಿಂದ ಹಾರುವ ಮಂಜ ಕ್ಯಾಮೆರಾದ ಮುಂದೆ ನಿಂತು ಮಾತಾಡು ಎಂದರೆ ಹೂಂ, ಊಹೂಂ ಬಿಟ್ಟು ಬೇರೇನೂ ಹೇಳಲಿಲ್ಲ. ವಿಡಿಯೋದವನು ತಲೆ ಮೇಲೆ ಕೈ ಹೊತ್ತು ಕೂತ. ಆಗ ರಿಯಾಜ್, ‘ಸಾರ್, ಮಂಜನ್ಕಿಂತ ಚೆಂದಾಗಿ ಮಂಜನ್ ತರ ಮಾತಾಡೋನು ಒಬ್ಬ ಅವ್ನೆ,’ ಎಂದು ನನ್ನನ್ನು ಮುಂದಕ್ಕೆ ತಳ್ಳಿದ. ‘ಅವ್ನೇ ಮಾತಾಡ್ಲಿ ಬುಡಿ,’ ಎಂದು ಮಂಜ ಜೀವ ಬಂದವನಂತೆ ಟೀ ತರಲು ಓಡಿದ. ಚಿತ್ರ ಮಂಜನದು, ದನಿ ನನ್ನದು ಎಂದಾಯಿತು. ಗಾಳಿಯ ಸದ್ದು ಬರದಿರಲೆಂದು ನನ್ನನ್ನು ವ್ಯಾನಿನಲ್ಲಿ ಕೂರಿಸಿ ಬಾಗಿಲು ಹಾಕಿದರು. ಆ ಏಸಿಯ ಗಾಳಿ ನನಗೆ ಮೊದಲ ಸಲ ಸಿಕ್ಕಿದ್ದು ಮಂಜನಾಗಿ.

ಬರೆದುಕೊಟ್ಟಿದ್ದನ್ನು ಒಪ್ಪಿಸಿದೆ. ಪುಡಿಯನ್ನು ಹೊಗಳಿದೆ, ಕಂಪನಿಯನ್ನು ಹೊಗಳಿದೆ. ಕೊನೆಗೆ ವಿಡಿಯೋದವನು, ‘ಮನಸ್ಸಿಂದ ಒಂದು ಮಾತು ಸೇರಿಸಿ,’ ಎಂದ. ಮನಸ್ಸು ಯಾರದೆಂದು ಅವನು ಹೇಳಲಿಲ್ಲ. ನಾನು ಮಂಜನ ಮೂಗುದನಿಯಲ್ಲೇ ಶುರುಮಾಡಿದೆ: ‘ನನ್ ಗೆಳೆಯ ಶಿವು ಅಂತ ಅವ್ನೆ. ಕಲ್ ಹತ್ರ ನಿಂತ್ಕಂಡು ದಾರಿ ತೋರ್ಸಿದ್ದು ಅವ್ನೇ. ಅವ್ನ್ ಇಲ್ದಿದ್ರೆ ನಾನಿಲ್ಲ.’ ಹೇಳುತ್ತ ಹೇಳುತ್ತ ನನಗೇ ಕಣ್ಣು ತುಂಬಿ ಬಂತು. ಶಿವು ಎಷ್ಟು ಒಳ್ಳೆಯವನು ಅನ್ನಿಸಿತು.

ಜಾಹೀರಾತು ಊರೆಲ್ಲ ಓಡಾಡಿತು. ಹೊಗಳಿಕೆ ಇನ್ನೇನು ಬಂತು ಎಂದು ಕಾಲರ್ ಸರಿಮಾಡಿಕೊಂಡು ಕೂತೆ. ಬಂತು, ಮಂಜನಿಗೆ. ‘ಅಷ್ಟ್ ದೊಡ್ಡೋನಾದ್ರೂ ಗೆಳೇನ್ನ ಮರೀನಿಲ್ಲ ನೋಡು’ ಎಂದು ಕಾರ್ಖಾನೆಯಲ್ಲಿ ಅಂದರು. ಕನಕಪುರದ ನಮ್ಮತ್ತೆ ಫೋನ್ ಮಾಡಿ ಅವನ ಗುಣ ಕೊಂಡಾಡಿದಳು. ನಮ್ಮಮ್ಮ ಮುದ್ದೆ ಬಡಿಸುತ್ತ, ‘ಅವ್ನ್ ನಿನ್ ಬಗ್ಗೆ ಹಂಗಂತಾನೆ, ನೀನ್ ನೋಡುದ್ರೆ ಟೀ ಅಂಗ್ಡೀಲಿ ಅವನ್ನೇ ಆಡ್ಕತೀಯ,’ ಎಂದಳು. ದಾರಿ ತೋರಿಸಿದ ಶಿವುವನ್ನು ಯಾರೂ ಹೊಗಳಲಿಲ್ಲ. ಅಷ್ಟು ಒಳ್ಳೆಯ ಮಾತನ್ನು ಆಡಿದವನು ನಾನೇ ಎಂದು ಕೂಗಿ ಹೇಳುವ ಹಾಗೂ ಇರಲಿಲ್ಲ.

ಮಂಜ ಕಾರ್ಖಾನೆಯ ಗೇಟಿನ ಹತ್ತಿರ ಕಾಯುತ್ತ ನಿಂತಿದ್ದ. ಹೊಡೆಯುತ್ತಾನೆಂದು ಹೆಲ್ಮೆಟ್ ತೆಗೆಯದೆ ಹತ್ತಿರ ಹೋದೆ.

‘ಕಲ್ ಕಾಯ್ತಿದ್ದಿದ್ದು ಯಾರ್ಲಾ? ನೀನಾ, ನಾನಾ?’

‘ನೀನೇ.’

‘ಅದನ್ನ ಒಂದ್ಸಲನಾದ್ರೂ ನನ್ ಮುಂದೆ ಹೇಳಿದ್ಯಾ?’

ನಾನು ಹೆಲ್ಮೆಟ್ ತೆಗೆದೆ. ಅವನೇ ಮುಂದುವರಿಸಿದ: ‘ನನ್ ಬಾಯಲ್ಲಿ ನನ್ನ ಒಸಿ ಜಾಸ್ತೀನೇ ಒಳ್ಳೇವ್ನ್ ಮಾಡ್ಬುಟ್ಟಿದ್ದೀಯ. ನಮ್ಮವ್ವ ದಿನಾ ಹಾಕ್ಕಂಡ್ ನೋಡ್ತಾಳೆ. ಇನ್ ನಾನು ಹಂಗೇ ಇರ್ಬೇಕಲ್ಲ. ಭಾನ್ವಾರ ವ್ಯಾನ್ ಬರಕ್ ಮುಂಚೆ ಬಾ.’

ಭಾನುವಾರ ಮೂವರೂ ಆಟೋದಲ್ಲಿ ಹೋದೆವು. ಮಂಜ ಮೊದಲು ಇಳಿದು, ಆ ರಾಜಕುಮಾರನಂಥ ಸೈಕಲ್ಲನ್ನು ಪೊದೆಗೆ ಒರಗಿಸಿ ಕಲ್ಲಿನ ಪಕ್ಕ ನಿಂತ. ‘ಬ್ರೇಕ್ ಬುಡ್ಲಾ’ ಎಂಬ ಕೂಗು ಕೇಳಿತು, ಬಿಟ್ಟೆ. ಸೈಕಲ್ಲು, ನಾನು, ಇಬ್ಬರೂ ಒಟ್ಟಿಗೆ ಇಳಿದೆವು. ‘ಈಗ ಹೇಳು,’ ಎಂದ ಮಂಜ. ಥ್ಯಾಂಕ್ಸ್ ಕಣ್ಲಾ ಎನ್ನಲು ಬಾಯಿ ತೆರೆದೆ, ನನ್ನ ಬಾಯಿಂದ ರಿಯಾಜನ ದನಿ ಬಂತು. ಮಂಜ ನಗುತ್ತ ಕಲ್ಲಿಗೆ ಒರಗಿದ. ಅವನು ನಗುತ್ತಿರುವಾಗಲೇ ನಾನು ಕೆಳಕ್ಕೆ ಹೊರಟೆ. ಹಿಂದೆ ರಿಯಾಜನಿಗೂ ಅವನು ದಾರಿ ಕೂಗುವುದು ಕೇಳಿಸುತ್ತಿತ್ತು. ಅಂದರೆ ಒಮ್ಮೆಯಾದರೂ ಮಂಜನಿಗಿಂತ ಮುಂಚೆ ಕೆಳಗೆ ತಲುಪುವ ಯೋಗ ನನಗಿತ್ತು. ಕೊನೆಯ ತಿರುವಿಗೆ ಬಂದಾಗ ಪಕ್ಕದಲ್ಲಿ ಸುಂಯ್ ಎಂದಿತು. ಇಬ್ಬರನ್ನು ಇಳಿಸಿ, ನಕ್ಕು, ಸೈಕಲ್ ಎತ್ತಿಕೊಂಡು ಹೊರಟವನು ನನಗಿಂತ ಮುಂಚೆ ಕೆಳಗೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ.

ಬೇಕೆಂದೇ ನಿಧಾನವಾಗಿ ಬಂದೆ ಎಂದು ರಿಯಾಜನಿಗೆ ಹೇಳಿದ್ದೇನೆ. ನಿಮಗೆ ಮಾತ್ರ ಹೇಳುತ್ತೇನೆ, ಕಲ್ಲಿನಿಂದ ಕೆಳಗಿನವರೆಗೆ ನಾನು ಒಂದು ಸಲವೂ ಬ್ರೇಕ್ ಮುಟ್ಟಿರಲಿಲ್ಲ.